ಇಳಿಜಾರು ಹಿತ್ತಲಲ್ಲಿ ಅರ್ಧ ಹೂತ ಈಜುಕೊಳ: 47 ದಿನಗಳ ಕೆಲಸದ ದಾಖಲೆ

ಬೇಲಿಯ ಗೇಟು ಕೂರಿಸಿ ಮೂರು ವಾರ ಆಯಿತು. ಮೊದಲ ಜೋರು ಮಳೆಯೂ ಬಂದು ಹೋಯಿತು. ಗೋಡೆ ನಿಂತಿದೆ, ಕೊಳ ನಿಂತಿದೆ. ಈಗ ಬರೆಯಬಹುದು ಅನ್ನಿಸಿತು. ಕೆಲಸ ನಡೆಯುವಾಗ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿದಿನ ಅಳತೆ, ತಪ್ಪು, ಬಂದ ಸಾಮಾನು ಎಲ್ಲ ಬರೆದಿಟ್ಟುಕೊಂಡಿದ್ದೆ. ಅದನ್ನೇ ಇಲ್ಲಿ ಸರಿಮಾಡಿ ಬರೆಯುತ್ತಿದ್ದೇನೆ. ಸಮತಟ್ಟು ಜಾಗದಲ್ಲಿ ಕೊಳ ಕೂರಿಸುವುದು ಹೇಗೆ ಅಂತ ಹೇಳುವವರು ಬೇಕಾದಷ್ಟು ಜನ ಸಿಕ್ಕರು. ಇಳಿಜಾರಿನಲ್ಲಿ ಏನೇನು ಕೈಕೊಡುತ್ತದೆ ಅಂತ ಹೇಳುವವರು ಸಿಗಲಿಲ್ಲ. ಹಾಗಾಗಿ ನಮ್ಮ ತಪ್ಪುಗಳನ್ನೇ ಜಾಸ್ತಿ ಬರೆದಿದ್ದೇನೆ.

ಕೆಲಸಕ್ಕೆ ಇದ್ದವರು ನಾನು, ನನ್ನ ತಮ್ಮ, ಮತ್ತು ಕಡಿದ ಮಣ್ಣು ಜಾರದಂತೆ ಕಟ್ಟುವ ತಡೆಗೋಡೆಯ ಕೆಲಸಕ್ಕೆ ಒಬ್ಬರು ಹಿರಿಯ ಮೇಸ್ತ್ರಿ. ಕರೆಂಟಿನ ಕೆಲಸ ಪೂರ್ತಿ ಎಲೆಕ್ಟ್ರಿಷಿಯನ್‌ದೇ.

ಮೊದಲು ಅಳತೆಗಳು

ಕೊಳ ದುಂಡಗಿನದು. ಅಡ್ಡಳತೆ 5.5 ಮೀಟರು, ಅಂದರೆ 18 ಅಡಿ. ಉಕ್ಕಿನ ತಗಡಿನ ಗೋಡೆ, ಎತ್ತರ 132 ಸೆಂ.ಮೀ. ಒಳಗೆ ವಿನೈಲ್ ಲೈನರ್, ಅಂದರೆ ನೀರು ಹಿಡಿಯುವ ಪ್ಲಾಸ್ಟಿಕ್ ಹಾಳೆ. ನೀರು 120 ಸೆಂ.ಮೀ. ನಿಲ್ಲುತ್ತದೆ. ಲೆಕ್ಕ ಹಾಕಿದರೆ ಸುಮಾರು 28,500 ಲೀಟರು, ಅಂದರೆ 28.5 ಟನ್ ತೂಕ. ತಳದ ಪ್ರತಿ ಚದರ ಮೀಟರಿನ ಮೇಲೆ 1.2 ಟನ್ ಕೂತಿರುತ್ತದೆ. ಈ ಒಂದು ಅಂಕಿಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆದಿದ್ದೆ.

ಕೊಳದ ಕಿಟ್ (ಜೋಡಿಸಿ ನಿಲ್ಲಿಸುವ ಬಿಡಿಭಾಗಗಳ ಕಟ್ಟು) ಕೊಳ್ಳುವ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳಿ. ನೆಲದ ಮೇಲೆ ನಿಲ್ಲಿಸುವ ಎಲ್ಲ ಕೊಳಗಳನ್ನೂ ಮಣ್ಣಿನಲ್ಲಿ ಹೂಳುವಂತಿಲ್ಲ. ಕೈಪಿಡಿಯಲ್ಲಿ ಹೂಳಬಹುದು ಅಂತಲೂ, ಎಷ್ಟು ಎತ್ತರದವರೆಗೆ ಅಂತಲೂ ಬರೆದಿರಬೇಕು. ಇಲ್ಲದಿದ್ದರೆ ಆ ಕಿಟ್ ಬೇಡ.

ಹಿತ್ತಲಿನ ಇಳಿಜಾರು ಅಳೆದಿದ್ದು ನೀರಿನ ಟ್ಯೂಬ್‌ನಿಂದ. ನೀರು ತುಂಬಿದ ಪಾರದರ್ಶಕ ಪೈಪ್ ಅದು, ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. 6.7 ಮೀಟರು ಉದ್ದಕ್ಕೆ 80 ಸೆಂ.ಮೀ. ಇಳಿತ. ಕಣ್ಣಿಗೆ ನೋಡಿದಾಗ 40 ಇರಬಹುದು ಅಂದುಕೊಂಡಿದ್ದೆ. ದಿನಾ ಓಡಾಡುವ ಜಾಗದ ಇಳಿಜಾರು ಕಣ್ಣಿಗೆ ಕಾಣುವುದೇ ಇಲ್ಲ.

ದಿನ 1: ಗುರುತು

ಕೊಳದ ಸುತ್ತ ಓಡಾಡಿ ಕೆಲಸ ಮಾಡಲು 60 ಸೆಂ.ಮೀ. ಜಾಗ ಬೇಕು. ಹಾಗಾಗಿ ನಡುವೆ ಗೂಟ ಹೊಡೆದು, 3.35 ಮೀಟರು ದಾರ ಕಟ್ಟಿ, ಸುಣ್ಣದ ಪುಡಿಯಲ್ಲಿ ವೃತ್ತ ಎಳೆದೆವು. ಇಳಿಜಾರಿನ ಮೇಲೆ ದಾರ ನೆಲಕ್ಕೆ ತಾಗಿಸಿ ಎಳೆದರೆ ಅಳತೆ ತಪ್ಪುತ್ತದೆ. ದಾರವನ್ನು ಮಟ್ಟವಾಗಿ ಹಿಡಿದು, ತುದಿಯಿಂದ ತೂಕದ ಗುಂಡು ಇಳಿಬಿಟ್ಟು ಗುರುತು ಹಾಕಬೇಕು. ಇದನ್ನು ಸರಿಯಾಗಿ ಮಾಡಿದೆವು. ಆದರೆ ವೃತ್ತದ ಅಳತೆಯೇ ತಪ್ಪಾಗಿತ್ತು. ಅದು ಗೊತ್ತಾಗಿದ್ದು ನಾಲ್ಕನೇ ದಿನ.

ದಿನ 2–3: ಅಗೆತ

ಇಳಿಜಾರನ್ನು ಮಟ್ಟ ಮಾಡಲು ಎರಡು ದಾರಿ. ಮೇಲಿನ ಕಡೆ ಕಡಿಯಬಹುದು, ಇಲ್ಲವೇ ಕೆಳಗಿನ ಕಡೆ ಮಣ್ಣು ತುಂಬಬಹುದು. ಅರ್ಧ ಕಡಿದು, ಆ ಮಣ್ಣನ್ನೇ ಕೆಳಗೆ ತುಂಬಿದರೆ ಖರ್ಚು ಕಡಿಮೆ, ಮಣ್ಣು ಸಾಗಿಸುವ ತೊಂದರೆಯೂ ಇಲ್ಲ ಅಂತ ತಮ್ಮ ಹೇಳಿದ. ನನಗೂ ಹೌದು ಅನ್ನಿಸಿತ್ತು. ಮೇಸ್ತ್ರಿ ಬಂದು ಜಾಗ ನೋಡಿ ಒಂದೇ ಮಾತು ಹೇಳಿದರು: "ಸಾರ್, ಕಡಿದ ನೆಲ ನಂಬಿ. ತುಂಬಿದ ನೆಲ ನಂಬಬೇಡಿ."

ಅವರ ಮಾತು ಕೇಳಿದೆವು. ಕೆಳಗಿನ ಅಂಚಿನಲ್ಲಿ ಹುಲ್ಲಿನ ಬೇರು ಹೋಗುವಷ್ಟು, 10 ಸೆಂ.ಮೀ. ಮಾತ್ರ ತೆಗೆದೆವು. ಅದೇ ಮಟ್ಟಕ್ಕೆ ಮೇಲಿನ ಅಂಚಿನಲ್ಲಿ 90 ಸೆಂ.ಮೀ. ಕಡಿಯಬೇಕಾಯಿತು. ಇದರಿಂದ ಕೊಳದ ಗೋಡೆ ಕೆಳಗಿನ ಕಡೆ 122 ಸೆಂ.ಮೀ. ಹೊರಗೆ ಕಾಣುತ್ತದೆ, ಮೇಲಿನ ಕಡೆ 42 ಸೆಂ.ಮೀ. ಮಾತ್ರ. ಈ 42ರ ಬಗ್ಗೆ ಮುಂದೆ ಬೇಲಿಯ ವಿಷಯ ಬಂದಾಗ ಹೇಳುತ್ತೇನೆ.

ಜೆಸಿಬಿ ಒಂದೂವರೆ ದಿನ ಕೆಲಸ ಮಾಡಿತು. ನೆಲದೊಳಗೆ ಇದ್ದಾಗ ಸುಮಾರು 17.5 ಘನ ಮೀಟರು ಇದ್ದ ಮಣ್ಣು ಹೊರಗೆ ಬಂದಾಗ ಉಬ್ಬಿ 22ರ ಹತ್ತಿರ ಆಯಿತು. ಸಾಗಿಸುವ ಗಾಡಿಯ ಲೆಕ್ಕವನ್ನು ಉಬ್ಬಿದ ಮಣ್ಣಿನ ಮೇಲೇ ಹಾಕಿ. ನಾವು 17ಕ್ಕೆ ಹಾಕಿ, ಉಳಿದ ರಾಶಿ ಒಂದು ವಾರ ದಾರಿಗೆ ಅಡ್ಡ ಬಿದ್ದಿತ್ತು.

ಬಕೆಟ್ಟಿನ ಹಲ್ಲು ಕೊನೆಯ 10 ಸೆಂ.ಮೀ. ಮುಟ್ಟಲು ಬಿಡಬೇಡಿ. ಹಲ್ಲು ಕೆರೆದ ಕಡೆ ಮಣ್ಣು ಸಡಿಲವಾಗುತ್ತದೆ. ಆ ಕೊನೆಯ ಪದರವನ್ನು ನಾವು ಪಿಕಾಸಿ, ಸಲಿಕೆ ಹಿಡಿದು ಕೈಯಲ್ಲೇ ಕೆತ್ತಿದೆವು. ಎರಡು ದಿನ ಬೆನ್ನು ನೋವು, ಆದರೆ ಗಟ್ಟಿ ನೆಲ ಸಿಕ್ಕಿತು.

ದಿನ 4: ಮೊದಲ ದೊಡ್ಡ ತಪ್ಪು

ಮೇಲಿನ ಕಡೆ ತಡೆಗೋಡೆ ಬರಬೇಕು. ಕೊಳದ ತಗಡಿಗೂ ತಡೆಗೋಡೆಗೂ ನಡುವೆ 60 ಸೆಂ.ಮೀ. ಜಾಗ ಅಂತ ನಿರ್ಧರಿಸಿದ್ದೆ. ಅಷ್ಟಕ್ಕೇ ಅಗೆಸಿದೆ. ಗೋಡೆಯ ದಪ್ಪ 20 ಸೆಂ.ಮೀ., ಅದರ ಹಿಂದೆ ಜಲ್ಲಿ ತುಂಬಲು 30 ಸೆಂ.ಮೀ., ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅಂದರೆ ಮೇಲಿನ ಅರ್ಧಕ್ಕೆ ವೃತ್ತ 3.35 ಅಲ್ಲ, 3.85 ಮೀಟರು ಇರಬೇಕಿತ್ತು. ಮೇಸ್ತ್ರಿ ಟೇಪು ಹಿಡಿದು ನೋಡಿ, ಟೇಪನ್ನು ನನ್ನ ಕೈಗೆ ಕೊಟ್ಟು, "ಗೋಡೆ ಎಲ್ಲಿ ನಿಲ್ಲಿಸಲಿ ಸಾರ್?" ಅಂದರು.

ಜೆಸಿಬಿ ವಾಪಸ್ ಕಳಿಸಿಯಾಗಿತ್ತು. ಮತ್ತೆ ಕರೆಸಿದೆವು. ಅರ್ಧ ದಿನದ ಕೆಲಸಕ್ಕೂ ಗಾಡಿ ಬಂದು ಹೋಗುವ ಬಾಡಿಗೆ ಪೂರ್ತಿ ಕೊಡಬೇಕಾಯಿತು. ಕಾಗದದ ಮೇಲೆ ಒಂದು ಅಡ್ಡಕೊಯ್ತದ ಚಿತ್ರ ಬರೆದಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ನಾನು ಮೇಲಿನಿಂದ ಕಾಣುವ ವೃತ್ತ ಮಾತ್ರ ಬರೆದಿದ್ದೆ. ಇಳಿಜಾರಿನ ಕೆಲಸಕ್ಕೆ ಪಕ್ಕದಿಂದ ಕಾಣುವ ಚಿತ್ರವೇ ಮುಖ್ಯ.

ದಿನ 5–7: ಹಳೆಯ ಬುಡದ ಗುಂಡಿ

ಕೆಳಗಿನ ಅಂಚಿನ ಹತ್ತಿರ ಸಲಿಕೆ ಒಂದು ಕಡೆ ಮೆತ್ತಗೆ ಇಳಿಯಿತು. ಕೆದಕಿದರೆ ಕೊಳೆತ ಮರದ ಬುಡ. ತೆಗೆದ ಮೇಲೆ ಒಂದು ಮೀಟರು ಅಗಲ, 40 ಸೆಂ.ಮೀ. ಆಳದ ಗುಂಡಿ ಉಳಿಯಿತು. ಆತುರದಲ್ಲಿ ಅಗೆದ ಮಣ್ಣನ್ನೇ ತುಂಬಿ, ಕಾಲಲ್ಲಿ ತುಳಿದು, ದಮ್ಮಸ್ಸು ಹೊಡೆದೆವು. ಮೇಲೆ ನಿಂತು ಕುಣಿದರೂ ಅಲುಗಲಿಲ್ಲ. ಗಟ್ಟಿಯಾಯಿತು ಅಂದುಕೊಂಡೆವು.

ಅದೃಷ್ಟಕ್ಕೆ ತಮ್ಮ, "ಅಣ್ಣ, ಒಂದು ರಾತ್ರಿ ನೀರು ಬಿಟ್ಟು ನೋಡೋಣ" ಅಂದ. ಗುಂಡಿಯ ಮೇಲೆ ಸಣ್ಣ ಬದು ಕಟ್ಟಿ ಪೈಪ್ ಬಿಟ್ಟು ಮಲಗಿದೆವು. ಬೆಳಿಗ್ಗೆ ನೋಡಿದರೆ ಆ ಜಾಗ ತಟ್ಟೆಯ ಹಾಗೆ 5 ಸೆಂ.ಮೀ. ಕುಸಿದಿತ್ತು. ನೀರು ತುಂಬಿದ ಕೊಳದ ಕೆಳಗೆ ಇದು ಆಗಿದ್ದರೆ ತಗಡಿನ ಗೋಡೆಯನ್ನು ಹಿಡಿದು ನಿಲ್ಲಿಸುವ ಕಂಬಗಳಲ್ಲಿ ಒಂದು ಇಳಿಯುತ್ತಿತ್ತು.

ಎಲ್ಲ ಮಣ್ಣು ಮತ್ತೆ ತೆಗೆದೆವು. ಪುಡಿ ಬೆರೆತ ಜಲ್ಲಿ ತಂದು, 10 ಸೆಂ.ಮೀ. ಪದರದಂತೆ ಹಾಕಿ, ಸ್ವಲ್ಪ ನೀರು ಚಿಮುಕಿಸಿ, ಪ್ರತಿ ಪದರಕ್ಕೂ ಬಾಡಿಗೆಯ ಪ್ಲೇಟ್ ಕಾಂಪ್ಯಾಕ್ಟರ್ (ನೆಲ ಅದುಮಿ ಗಟ್ಟಿ ಮಾಡುವ ಯಂತ್ರ) ಓಡಿಸಿದೆವು. ಮತ್ತೆ ಒಂದು ರಾತ್ರಿ ನೀರಿನ ಪರೀಕ್ಷೆ. ಈ ಸಲ ಕುಸಿತ ಇಲ್ಲ. ನಿಮ್ಮ ಜಾಗದಲ್ಲಿ ಎಲ್ಲಿಯಾದರೂ ಹಳೆಯ ಗುಂಡಿಯ ಅನುಮಾನ ಬಂದರೆ ಈ ನೀರಿನ ಪರೀಕ್ಷೆ ದಯವಿಟ್ಟು ಬಿಡಬೇಡಿ.

ದಿನ 8–19: ತಡೆಗೋಡೆ

ಮೇಲಿನ ಅರ್ಧ ವೃತ್ತಕ್ಕೆ ಗೋಡೆ. ಅಡಿಪಾಯ 60 ಸೆಂ.ಮೀ. ಅಗಲ, 20 ಸೆಂ.ಮೀ. ದಪ್ಪ. ಅದರಲ್ಲೇ 10 ಮಿ.ಮೀ. ಕಂಬಿಗಳನ್ನು 40 ಸೆಂ.ಮೀ.ಗೆ ಒಂದರಂತೆ ನೆಟ್ಟು ನಿಲ್ಲಿಸಿದರು. ಮೇಲೆ 20 ಸೆಂ.ಮೀ. ದಪ್ಪದ ಟೊಳ್ಳು ಕಾಂಕ್ರೀಟ್ ಬ್ಲಾಕ್. ಕಂಬಿ ಇರುವ ತೂತುಗಳಿಗೆಲ್ಲ ಕಾಂಕ್ರೀಟ್ ತುಂಬಿದರು. ನಡುವೆ, ಎತ್ತರ ಜಾಸ್ತಿ ಇರುವ ಕಡೆ, ಒಂದು ಮೀಟರಿಗಿಂತ ಸ್ವಲ್ಪ ಮೇಲೆ ಬಂತು. ಎರಡು ತುದಿಗೆ ಬರುತ್ತಾ ಇಳಿಯುತ್ತದೆ. ಈ ಎತ್ತರ ನೋಡಿ ಕಂಬಿ ಮತ್ತು ಅಡಿಪಾಯದ ಅಳತೆಯನ್ನು ಒಬ್ಬ ಇಂಜಿನಿಯರ್‌ಗೆ ತೋರಿಸಿ ಒಪ್ಪಿಗೆ ಪಡೆದಿದ್ದೆ. ನಮ್ಮ ಅಳತೆಯನ್ನು ನೀವು ಹಾಗೇ ತೆಗೆದುಕೊಳ್ಳಬೇಡಿ. ನಿಮ್ಮ ಮಣ್ಣು ಬೇರೆ, ಇಳಿಜಾರು ಬೇರೆ.

ಗೋಡೆ ಎದ್ದಿದ್ದು ಮೂರೇ ದಿನದಲ್ಲಿ. ಆಮೇಲೆ ಏಳು ದಿನ ಗೋಣಿಚೀಲ ಹೊದೆಸಿ ನೀರು ಉಣಿಸಿದೆವು. ಅಷ್ಟು ದಿನ ಗೋಡೆಯ ಹಿಂದೆ ಒಂದು ಬಾಂಡ್ಲಿ ಜಲ್ಲಿಯನ್ನೂ ಹಾಕಲಿಲ್ಲ. ಸುಮ್ನೆ ಕಾಯುವುದು ಕಷ್ಟ, ಆದರೆ ಹಸಿ ಗೋಡೆಯ ಮೇಲೆ ಭಾರ ಹೇರುವಂತಿಲ್ಲ.

ದಿನ 20–21: ನೀರು ಹೋಗುವ ದಾರಿ

ಇಡೀ ಕೆಲಸದಲ್ಲಿ ನಾನು ಹೆಚ್ಚು ಯೋಚನೆ ಮಾಡಿದ್ದು ಇದಕ್ಕೇ. ಕೊಳದ ಒಳಗಿನ ನೀರನ್ನು ಗೋಡೆ ಹಿಡಿಯುತ್ತದೆ, ಅದಕ್ಕೆಂದೇ ಅದನ್ನು ಮಾಡಿದ್ದಾರೆ. ಇಳಿಜಾರಿನಲ್ಲಿ ತೊಂದರೆ ಕೊಡುವುದು ಹೊರಗಿನ ನೀರು. ಮಳೆ ಬಂದಾಗ ಮೇಲಿನ ಮಣ್ಣೆಲ್ಲ ನೀರು ಕುಡಿದು, ಗುಂಡಿಯ ಕಡೆಗೇ ಇಳಿದು ಬರುತ್ತದೆ. ದಾರಿ ಕೊಡದಿದ್ದರೆ ತಡೆಗೋಡೆಯನ್ನು ತಳ್ಳುತ್ತದೆ, ಲೈನರ್ ಕೆಳಗೆ ನುಗ್ಗಿ ಅದನ್ನು ಎತ್ತುತ್ತದೆ, ಮರಳನ್ನು ಕೊಚ್ಚಿಕೊಂಡು ಹೋಗುತ್ತದೆ.

ಮೂರು ದಾರಿ ಮಾಡಿದೆವು. ಒಂದು, ಗೋಡೆಯಿಂದ 2 ಮೀಟರು ಮೇಲೆ ಅಡ್ಡಕ್ಕೆ ಒಂದು ಕಾಲುವೆ, 40 ಸೆಂ.ಮೀ. ಅಗಲ, 30 ಆಳ. ಮೇಲೆ ಹರಿದು ಬರುವ ನೀರು ಇಲ್ಲೇ ತಿರುಗಿ ಪಕ್ಕಕ್ಕೆ ಹೋಗುತ್ತದೆ. ಎರಡು, ಗೋಡೆಯ ಹಿಂದೆ ಅಡಿಪಾಯದ ಮಟ್ಟದಲ್ಲಿ 100 ಮಿ.ಮೀ. ತೂತಿನ ಪೈಪ್. ಮೂರು, ಗೋಡೆಗೂ ಕೊಳಕ್ಕೂ ನಡುವಿನ ಜಾಗದ ತಳದಲ್ಲಿ ಇನ್ನೊಂದು ಅಂಥದೇ ಪೈಪ್. ಎರಡೂ ಪೈಪಿಗೆ ಮೀಟರಿಗೆ 1 ಸೆಂ.ಮೀ. ಇಳಿತ. ಎರಡೂ ಕೊಳದ ಪಕ್ಕದಿಂದ ಸುತ್ತಿ, ಕೆಳಗಿನ ಕಡೆ ಬಯಲಿನಲ್ಲಿ ಬಾಯಿ ತೆರೆಯುತ್ತವೆ. ಬಾಯಿಗೆ ಇಲಿ ನುಗ್ಗದಂತೆ ಜಾಲರಿ.

ಪೈಪಿನ ತೂತು ಮೇಲಕ್ಕೆ ಇರಬೇಕು ಅಂತ ನಾನು ತಿಳಿದಿದ್ದೆ, ನೀರು ಮೇಲಿಂದ ಬೀಳುತ್ತದೆ ಅಲ್ವಾ ಅಂತ. ಅದು ತಪ್ಪು. ತೂತು ಕೆಳಗಿನ ಪಕ್ಕಗಳಲ್ಲಿರಬೇಕು. ಜಲ್ಲಿಯಲ್ಲಿ ನೀರು ಕೆಳಗಿನಿಂದ ಏರುತ್ತದೆ. ತೂತು ಮೇಲಿದ್ದರೆ, ಪೈಪಿನ ಎತ್ತರದಷ್ಟು ನೀರು ನಿಂತ ಮೇಲೇ ಒಳಗೆ ಹೋಗುವುದು. 3 ಮೀಟರು ಹಾಕಿದ ಮೇಲೆ ಮೇಸ್ತ್ರಿ ನೋಡಿ ತಿರುಗಿಸಿ ಹಾಕಿಸಿದರು.

ಗೋಡೆಯ ಹಿಂದಿನ ಪೈಪಿನ ಸುತ್ತ 20 ಮಿ.ಮೀ. ಜಲ್ಲಿ, ಆ ಜಲ್ಲಿಯ ಸುತ್ತ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ನಮ್ಮದು ಜೇಡಿಮಣ್ಣು. ಬಟ್ಟೆ ಇಲ್ಲದಿದ್ದರೆ ಒಂದೆರಡು ಮಳೆಗಾಲದಲ್ಲಿ ಜಲ್ಲಿಯ ಸಂದೆಲ್ಲ ಕೆಸರಾಗಿ ಕಟ್ಟಿಕೊಳ್ಳುತ್ತದೆ.

ದಿನ 22–24: ಮಟ್ಟ

ನಡುವಿನ ಗೂಟದ ಮೇಲೆ ಅಲ್ಯೂಮಿನಿಯಂ ಮಟ್ಟಗೋಲಿನ ಒಂದು ತುದಿ ಇಟ್ಟು, ಅದರ ಮೇಲೆ ರಸಮಟ್ಟ ಇಟ್ಟು, ಗಡಿಯಾರದ ಮುಳ್ಳಿನ ಹಾಗೆ ತಿರುಗಿಸುತ್ತಾ ನೆಲ ಕೆತ್ತಿದೆವು. ಗೋಲು 2 ಮೀಟರಿನದು, ವೃತ್ತ ಅದಕ್ಕಿಂತ ದೊಡ್ಡದು. ಹಾಗಾಗಿ ಗೋಲನ್ನು ಮುಂದೆ ಸರಿಸಿ, ಅಲ್ಲಿಂದ ಮತ್ತೆ ಅಳೆದೆವು. ಪ್ರತಿ ಸಲ ಸರಿಸಿದಾಗಲೂ ಸ್ವಲ್ಪ ಸ್ವಲ್ಪ ತಪ್ಪು ಸೇರುತ್ತಾ ಹೋಯಿತು. ಮುಗಿಸಿ ನೀರಿನ ಟ್ಯೂಬಿನಲ್ಲಿ ಪರೀಕ್ಷಿಸಿದರೆ ಎದುರು ಬದುರು ಅಂಚಿಗೆ 4 ಸೆಂ.ಮೀ. ವ್ಯತ್ಯಾಸ.

ಆಮೇಲೆ ಪೂರ್ತಿ ಟ್ಯೂಬನ್ನೇ ನಂಬಿದೆವು. 10 ಮೀಟರು ಪಾರದರ್ಶಕ ಪೈಪ್. ಅದೂ ಒಂದು ಸಲ ಮೋಸ ಮಾಡಿತು. ಒಂದು ಕಂಬದ ಜಾಗದಲ್ಲಿ ಮಾತ್ರ 2 ಸೆಂ.ಮೀ. ಜಾಸ್ತಿ ತೋರಿಸುತ್ತಿತ್ತು. ಎರಡು ಸಲ ಮಣ್ಣು ಕೆತ್ತಿದೆ, ಆದರೂ ಸರಿಹೋಗಲಿಲ್ಲ. ಕೊನೆಗೆ ಮಂಡಿಯೂರಿ ಪೈಪನ್ನು ಉದ್ದಕ್ಕೂ ಬೆಳಕಿಗೆ ಹಿಡಿದು ನೋಡುತ್ತಾ ಬಂದೆ. ಮಡಿಕೆ ಬಿದ್ದ ಒಂದು ಜಾಗದಲ್ಲಿ ಹುರುಳಿಕಾಳಿನಷ್ಟು ದೊಡ್ಡ ಗುಳ್ಳೆಗಳು ನಾಲ್ಕೈದು ಸಾಲಾಗಿ ಅಂಟಿಕೊಂಡಿದ್ದವು. ಬೆರಳಿನಿಂದ ತಟ್ಟಿದಾಗ ಒಂದಕ್ಕೊಂದು ಸೇರಿ, ನಿಧಾನವಾಗಿ ಏರಿ, ತುದಿಯಲ್ಲಿ ಒಡೆದವು. ನೀರು ಕುಲುಕಿ ನಿಂತ ಮೇಲೆ ನೋಡಿದರೆ ಮಟ್ಟ ಸರಿ. ಸುಮ್ಮನೆ ಕೆತ್ತಿದ ಮಣ್ಣಿನ ಜಾಗಕ್ಕೆ ಮತ್ತೆ ಜಲ್ಲಿಪುಡಿ ತುಂಬಬೇಕಾಯಿತು. ಟ್ಯೂಬಿಗೆ ನೀರು ತುಂಬುವಾಗ ಒಂದು ತುದಿಯಿಂದ ನಿಧಾನವಾಗಿ ತುಂಬಿ. ನೀರಿಗೆ ಸ್ವಲ್ಪ ಬಣ್ಣ ಹಾಕಿ. ಪ್ರತಿ ಅಳತೆಗೂ ಮುಂಚೆ ಪೈಪನ್ನು ಪೂರ್ತಿ ನೋಡಿ.

12 ಕಂಬಗಳು. ಪ್ರತಿ ಕಂಬದ ಕೆಳಗೆ 40×40×5 ಸೆಂ.ಮೀ. ಕಾಂಕ್ರೀಟ್ ಹಾಸು, ನೆಲಕ್ಕೆ ಸಮವಾಗಿ ಕೂರುವಂತೆ. ಕೊನೆಗೆ 12ರಲ್ಲಿ ಅತಿ ಎತ್ತರದ್ದಕ್ಕೂ ಅತಿ ತಗ್ಗಿನದಕ್ಕೂ 3 ಮಿ.ಮೀ. ವ್ಯತ್ಯಾಸಕ್ಕೆ ತಂದೆವು. ಎರಡು ದಿನ ಹಿಡಿಯಿತು. ಇಷ್ಟು ಹಟ ಬೇಕಾ ಅಂತ ತಮ್ಮ ಕೇಳಿದ. ಮಟ್ಟದ ವಿಷಯದಲ್ಲಿ ನೀರಿಗೆ ಸುಳ್ಳು ಹೇಳಲು ಬರುವುದಿಲ್ಲ. ಕೊಳ ಓರೆಯಾಗಿದ್ದರೆ ತುಂಬಿದ ದಿನವೇ ಎಲ್ಲರ ಕಣ್ಣಿಗೂ ಕಾಣುತ್ತದೆ, ಆಮೇಲೆ ಸರಿಮಾಡಲು ದಾರಿ ಇಲ್ಲ.

ದಿನ 25–27: ಮರಳು, ಮಳೆ, ಮತ್ತೆ ಮರಳು

ಜರಡಿ ಹಿಡಿದ ಮರಳು 5 ಸೆಂ.ಮೀ. ಹಾಸಿದೆವು. ಸುಮಾರು 1.2 ಘನ ಮೀಟರು ಬೇಕಾಯಿತು. ಸಂಜೆ ಮೋಡ ಕಂಡು ಟಾರ್ಪಾಲು ಹೊದೆಸಿದೆವು, ಆದರೆ ಸಮತಟ್ಟಾಗಿ ಹೊದೆಸಿದೆವು. ರಾತ್ರಿಯ ಮಳೆಗೆ ನಡುವೆ ನೀರು ತುಂಬಿ, ಟಾರ್ಪಾಲು ಜೋತು ಬಿದ್ದು, ಒಂದು ಅಂಚು ಬಿಟ್ಟುಕೊಂಡಿತು. ಬೆಳಿಗ್ಗೆ ಮರಳಿನಲ್ಲಿ ಕೈ ಹೋಗುವಷ್ಟು ಕೊರಕಲು, ಮೇಲೆ ಕೆಂಪು ಕೆಸರಿನ ಪದರ. ಕೆಸರು ಬೆರೆತ ಮರಳನ್ನು ಉಳಿಸಿಕೊಳ್ಳಲು ನೋಡಬೇಡಿ. ಪೂರ್ತಿ ತೆಗೆದು ಹೊಸದು ಹಾಕಿದೆವು. ಟಾರ್ಪಾಲಿಗೆ ನಡುವೆ ಕಂಬ ಕೊಟ್ಟು ಡೇರೆಯ ಹಾಗೆ ಎತ್ತಿ ಕಟ್ಟಿದ್ದರೆ ಒಂದು ಲೋಡು ಮರಳು ಉಳಿಯುತ್ತಿತ್ತು.

ಒಂದು ಸಮಾಧಾನ ಇತ್ತು. ಆ ಮಳೆಯಲ್ಲಿ ಗೋಡೆಯ ಹಿಂದಿನ ಪೈಪಿನ ಬಾಯಿಂದ ನೀರು ಬರುವುದನ್ನು ಮೊದಲ ಸಲ ನೋಡಿದೆವು.

ದಿನ 28: ತಗಡಿನ ಗೋಡೆ

ಗಾಳಿ ಇಲ್ಲದ ಬೆಳಿಗ್ಗೆ ಹೊತ್ತು ಆರಿಸಿಕೊಳ್ಳಿ. 17 ಮೀಟರು ಉದ್ದದ ತಗಡಿನ ಸುರುಳಿ ಬಿಚ್ಚುವಾಗ ಸಣ್ಣ ಗಾಳಿಗೂ ಹಾಯಿಯ ಹಾಗೆ ಎಳೆಯುತ್ತದೆ. ಆ ದಿನ ಸಹಾಯಕ್ಕೆ ಬಂದವರೂ ಸೇರಿ ನಾಲ್ಕು ಜನ ಇದ್ದೆವು. ಸುರುಳಿಯನ್ನು ಹಲಗೆಯ ಮೇಲೆ ನಿಲ್ಲಿಸಿ, ಬಿಚ್ಚುತ್ತಾ ಕೆಳಗಿನ ಹಳಿಗೆ ಕೂರಿಸಿ, ಅಲ್ಲಲ್ಲಿ ಹೊರಗಿನ ಗೂಟಕ್ಕೆ ಹಗ್ಗ ಕಟ್ಟುತ್ತಾ ಸುತ್ತು ಬಂದೆವು.

ಸುತ್ತು ಮುಗಿದಾಗ ತಗಡು 2 ಸೆಂ.ಮೀ. ಉದ್ದ ಬಂತು. ಕತ್ತರಿಸುವುದಲ್ಲ. ಕೆಳಗಿನ ಹಳಿಯ 12 ಜೋಡಣೆಗಳನ್ನೂ ಸುಮಾರು ಒಂದೂವರೆ, ಎರಡು ಮಿ.ಮೀ.ಯಷ್ಟು ಹಿಗ್ಗಿಸಿದರೆ ಅಷ್ಟೂ ಸರಿಹೋಗುತ್ತದೆ. ಸೇರುವ ಜಾಗದ ಬೋಲ್ಟುಗಳ ತಲೆ ಒಳಗಡೆ ಬರಬೇಕು, ನಟ್ಟು ಹೊರಗೆ. ಬೋಲ್ಟಿನ ತಲೆಗಳ ಮೇಲೆ ಮೂರು ಪದರ ದಪ್ಪ ಟೇಪು ಅಂಟಿಸಿದೆವು, ಲೈನರ್ ಉಜ್ಜಿ ಹರಿಯದ ಹಾಗೆ.

ಕೊಳದ ನೀರನ್ನು ಪಂಪಿಗೆ ತೆಗೆಯುವ ಸ್ಕಿಮ್ಮರ್, ಫಿಲ್ಟರ್ ಆದ ನೀರನ್ನು ಮತ್ತೆ ಕೊಳಕ್ಕೆ ಬಿಡುವ ತೂತು, ಎರಡೂ ಕೆಳಗಿನ ಕಡೆ ಬರುವಂತೆ ತಗಡನ್ನು ತಿರುಗಿಸಿ ನಿಲ್ಲಿಸಿದ್ದೆ. ಇದು ನಾನು ಮಾಡಿದ ಒಳ್ಳೆಯ ನಿರ್ಧಾರ. ಮೇಲಿನ ಕಡೆ ಬಂದಿದ್ದರೆ ಸೋರಿಕೆ ಆದಾಗ ಜಲ್ಲಿ ಅಗೆದು ನೋಡಬೇಕಿತ್ತು.

ದಿನ 29–30: ಎಲ್ಲಕ್ಕಿಂತ ದೊಡ್ಡ ತಪ್ಪು

ಮತ್ತೆ ಮೋಡ ಕಟ್ಟಿತು. ತಡೆಗೋಡೆಗೂ ತಗಡಿಗೂ ನಡುವಿನ ಪೈಪ್ ತೆರೆದೇ ಇತ್ತು. ಕೆಸರು ಹೋಗಿ ಕಟ್ಟಿಕೊಂಡರೆ ಅಂತ ಹೆದರಿ, "ಜಲ್ಲಿ ತುಂಬಿಬಿಡೋಣ" ಅಂದೆ. ತೀರ್ಮಾನ ನನ್ನದೇ. ಸಂಜೆಯವರೆಗೆ 60 ಸೆಂ.ಮೀ. ಎತ್ತರಕ್ಕೆ ತುಂಬಿದೆವು. ಕೊಳ ಖಾಲಿ ಇತ್ತು.

ಬೆಳಿಗ್ಗೆ ಒಳಗೆ ಇಳಿದು ನೋಡಿದಾಗ ತಗಡಿನ ಮೇಲೆ ಬೆಳಕು ಬೀಳುವ ರೀತಿಯೇ ಬೇರೆ ಇತ್ತು. ದುಂಡಗೆ ಇರಬೇಕಾದ ಕಡೆ ಚಪ್ಪಟೆ. ಕಂಬದಿಂದ ಕಂಬಕ್ಕೆ ದಾರ ಹಿಡಿದೆ. ಎರಡು ಕಂಬಗಳ ನಡುವೆ ತಗಡು 3 ಸೆಂ.ಮೀ. ಒಳಕ್ಕೆ ಬಾಗಿತ್ತು. ಕೈ ಇಟ್ಟರೆ ಆಚೆಯ ಜಲ್ಲಿಯ ಒತ್ತಡ ಬಿಗಿಯಾಗಿ ತಿಳಿಯುತ್ತಿತ್ತು.

ಈ ತಗಡು ಒಳಗಿನಿಂದ ಹೊರಕ್ಕೆ ತಳ್ಳುವ ನೀರನ್ನು ತಡೆಯುವುದಕ್ಕೆ ಮಾಡಿದ್ದು. ಹೊರಗಿನಿಂದ ಒಳಕ್ಕೆ ತಳ್ಳಿದರೆ ಅದಕ್ಕೆ ಶಕ್ತಿಯೇ ಇಲ್ಲ. ಒಳಗೆ ನೀರು ಇದ್ದರೆ ಮಾತ್ರ ಹೊರಗಿನ ಜಲ್ಲಿಯನ್ನು ತಾಳುತ್ತದೆ. ಕೈಪಿಡಿಯಲ್ಲಿ ಇದು ಇತ್ತು. ನಾನು ಓದಿಯೂ ಇದ್ದೆ. ಮೋಡ ನೋಡಿದಾಗ ಮರೆತೆ.

ಒಂದು ದಿನ ಪೂರ್ತಿ ಆ ಜಲ್ಲಿಯನ್ನು ಕೈಯಿಂದ, ಬಾಂಡ್ಲಿಯಿಂದ ತೆಗೆದೆವು. ಸಲಿಕೆ ತಾಗಿಸಿದರೆ ತಗಡಿನ ಬಣ್ಣ ಕೆತ್ತಿ ತುಕ್ಕು ಹಿಡಿಯುತ್ತದೆ ಅಂತ ಹತ್ತಿರದ 20 ಸೆಂ.ಮೀ. ಕೈಯಲ್ಲೇ ಬಾಚಿದೆವು. ಭಾರ ತೆಗೆದ ಮೇಲೆ ತಗಡು ಬಹುಪಾಲು ತಾನಾಗಿ ವಾಪಸ್ ಬಂತು. ಮಡಿಕೆ ಬಿದ್ದಿರಲಿಲ್ಲ, ಅದೊಂದೇ ಪುಣ್ಯ. ಮಡಿಕೆ ಬಿದ್ದಿದ್ದರೆ ತಗಡೇ ಬದಲಾಯಿಸಬೇಕಿತ್ತು. ಪೈಪನ್ನು ಮುಚ್ಚಬೇಕಿದ್ದರೆ ಅದರ ಮೇಲೆ 15 ಸೆಂ.ಮೀ. ಜಲ್ಲಿ, ಅದರ ಮೇಲೆ ಬಟ್ಟೆ, ಅಷ್ಟೇ ಸಾಕಿತ್ತು.

ದಿನ 31–32: ಲೈನರ್

ಗೋಡೆಯ ಒಳ ಬುಡದಲ್ಲಿ ಸುತ್ತಲೂ 15 ಸೆಂ.ಮೀ. ಎತ್ತರಕ್ಕೆ ಮರಳಿನ ಓರೆ ಕಟ್ಟಿ, ಒದ್ದೆ ಮಾಡಿ, ಕರಣೆಯಲ್ಲಿ ತಟ್ಟಿದೆವು. ಇದಿಲ್ಲದಿದ್ದರೆ ನೀರಿನ ಭಾರಕ್ಕೆ ಲೈನರ್ ತಗಡಿನ ಕೆಳಗಿನ ಸಂದಿಗೆ ನುಗ್ಗಿ ಹರಿಯುತ್ತದೆ.

ಲೈನರ್ 0.5 ಮಿ.ಮೀ. ದಪ್ಪದ್ದು. ಒಂದು ಗಂಟೆ ಬಿಸಿಲಲ್ಲಿ ಹರಡಿದಾಗ ಮೆತ್ತಗಾಯಿತು. ಬರಿಗಾಲಿನಲ್ಲೇ ಇಳಿದು ಹಾಸಿದೆವು. ಅಂಚು ಗೋಡೆಯ ಮೇಲಿಂದ ಹೊರಕ್ಕೆ ಮಡಚಿ, ಪ್ಲಾಸ್ಟಿಕ್ ಪಟ್ಟಿ ಒತ್ತಿದೆವು. ಸ್ಕಿಮ್ಮರ್ ತೂತಿನಲ್ಲಿ ವ್ಯಾಕ್ಯೂಮ್ ಕ್ಲೀನರಿನ ಪೈಪ್ ಇಟ್ಟು, ಸುತ್ತ ಟೇಪು ಹಚ್ಚಿ, ಲೈನರ್ ಹಿಂದಿನ ಗಾಳಿ ಎಳೆದೆವು. ನೋಡನೋಡುತ್ತಾ ಸುಕ್ಕೆಲ್ಲ ಗೋಡೆಗೆ ಅಂಟಿಕೊಂಡಿತು. ತಳದಲ್ಲಿ ಉಳಿದ ಸುಕ್ಕುಗಳನ್ನು 3 ಸೆಂ.ಮೀ. ನೀರು ಬಿಟ್ಟು, ನಿಲ್ಲಿಸಿ, ಪಾದದಿಂದ ನಡುವಿನಿಂದ ಅಂಚಿಗೆ ತಳ್ಳಿದೆವು. ಒಂದು ಸುಕ್ಕು ಇನ್ನೂ ಇದೆ. ನೀರು ಅರ್ಧ ಅಡಿ ಆದ ಮೇಲೆ ನೋಡಿದೆ. ಆಗ ತಡವಾಗಿತ್ತು, ಅಲುಗಲಿಲ್ಲ.

ದಿನ 33–35: ನೀರು ಮತ್ತು ಜಲ್ಲಿ ಜೊತೆಜೊತೆಗೆ

ಈ ಸಲ ನಿಯಮ ಬರೆದು ಗೋಡೆಗೆ ಅಂಟಿಸಿದೆ: ಒಳಗಿನ ನೀರು ಯಾವಾಗಲೂ ಹೊರಗಿನ ಜಲ್ಲಿಗಿಂತ ಕಡೇ ಪಕ್ಷ 15 ಸೆಂ.ಮೀ. ಮೇಲಿರಬೇಕು. ನೀರು 30 ಆದಾಗ ಜಲ್ಲಿ 15. ನೀರು 60 ಆದಾಗ ಜಲ್ಲಿ 45. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿದೆವು. ನಿಮಿಷಕ್ಕೆ 20 ಲೀಟರು ಬರುವ ಪೈಪಿನಲ್ಲಿ ಪೂರ್ತಿ ತುಂಬಲು 24 ಗಂಟೆ ಸಾಕು, ಆದರೆ ನಿಲ್ಲಿಸಿ ನಿಲ್ಲಿಸಿ ತುಂಬಿದ್ದರಿಂದ ಮೂರು ದಿನ ಹಿಡಿಯಿತು. ನಡುವಿನ ಜಾಗಕ್ಕೆ ಸುಮಾರು 3.5 ಘನ ಮೀಟರು ಜಲ್ಲಿ ಹೋಯಿತು. ಕಾಂಪ್ಯಾಕ್ಟರ್ ಬಳಸಲಿಲ್ಲ, ತಗಡಿನ ಪಕ್ಕ ಅದನ್ನು ಓಡಿಸಬಾರದು.

ನೀರು ಸ್ಕಿಮ್ಮರ್ ತೂತಿಗೆ 5 ಸೆಂ.ಮೀ. ಕೆಳಗೆ ಬಂದಾಗ ನಿಲ್ಲಿಸಿ, ಗ್ಯಾಸ್ಕೆಟ್ಟು (ಸೋರದಂತೆ ನಡುವೆ ಇಡುವ ರಬ್ಬರು), ಮುಖಪಟ್ಟಿ ಹಾಕಿ ಸ್ಕ್ರೂ ಬಿಗಿದ ಮೇಲೆ ಲೈನರ್ ಕತ್ತರಿಸಿದೆವು. ಮೊದಲೇ ಕತ್ತರಿಸಿದರೆ ನೀರಿನ ಭಾರಕ್ಕೆ ಲೈನರ್ ಎಳೆದು ತೂತು ಜಾರಿಹೋಗುತ್ತದೆ.

ದಿನ 36–40: ಪಂಪು, ಸೋರಿಕೆ

ಗಂಟೆಗೆ 4 ಘನ ಮೀಟರಿನ ಪಂಪು, ಸ್ಯಾಂಡ್ ಫಿಲ್ಟರ್. ಏಳು ಗಂಟೆಯಲ್ಲಿ ಕೊಳದ ನೀರೆಲ್ಲ ಒಂದು ಸುತ್ತು ಬರುತ್ತದೆ. ಜಾಗ ಇದ್ದಿದ್ದು ಕೆಳಗಿನ ಕಡೆ, ಅಲ್ಲೇ ಇಟ್ಟೆವು. ಮೊದಲ ಸಲ ಕಸ ತೆಗೆಯಲು ಪಂಪಿನ ಮುಚ್ಚಳ ಬಿಚ್ಚಿದಾಗ ನೀರು ಮುಖಕ್ಕೇ ಚಿಮ್ಮಿತು. ಪಂಪು ಕೊಳದ ನೀರಿನ ಮಟ್ಟಕ್ಕಿಂತ ಒಂದು ಮೀಟರು ಕೆಳಗಿದೆ, ಮುಚ್ಚಳ ತೆಗೆದರೆ ಕೊಳವೇ ಇಳಿದು ಬರುತ್ತದೆ. ಇಳಿಜಾರಿನವರು ಇದನ್ನು ಮರೆಯಬೇಡಿ: ಪಂಪಿನ ಎರಡೂ ಕಡೆ ಬಾಲ್ ವಾಲ್ವ್ ಬೇಕೇ ಬೇಕು. ಒದ್ದೆ ಬಟ್ಟೆ ಸುತ್ತಿ ಮುಚ್ಚಳ ಮತ್ತೆ ಹಾಕಿ, ಮರುದಿನ ಪೈಪ್ ಕತ್ತರಿಸಿ ವಾಲ್ವ್ ಕೂರಿಸಿದೆವು.

ಕರೆಂಟಿಗೆ ಪ್ರತ್ಯೇಕ ಲೈನು, ಕರೆಂಟು ಸೋರಿದರೆ ತಾನೇ ಕಡಿದುಹಾಕುವ 30 ಮಿಲಿಆಂಪಿಯರ್ ಆರ್‌ಸಿಸಿಬಿ, ತಗಡಿನ ಗೋಡೆ ಮತ್ತು ಪಂಪು ಎರಡಕ್ಕೂ ತಾಮ್ರದ ತಂತಿಯಲ್ಲಿ ಅರ್ಥಿಂಗ್. ಇದರಲ್ಲಿ ನಾವು ಕೈ ಹಾಕಲಿಲ್ಲ.

ನೀರು ದಿನಾ ಇಳಿಯುತ್ತಿತ್ತು. ಆವಿಯಾಗುತ್ತಿದೆಯೋ ಸೋರುತ್ತಿದೆಯೋ ಅಂತ ತಿಳಿಯಲು ಒಂದು ಬಕೆಟ್ಟಿಗೆ ಕೊಳದ ನೀರು ತುಂಬಿ, ಕೊಳದ ಏಣಿಯ ಮೆಟ್ಟಿಲ ಮೇಲೆ ಇಟ್ಟು, ಎರಡಕ್ಕೂ ಗುರುತು ಹಾಕಿದೆ. 24 ಗಂಟೆಯಲ್ಲಿ ಬಕೆಟ್ 5 ಮಿ.ಮೀ. ಇಳಿಯಿತು, ಕೊಳ 9. ಆ 4 ಮಿ.ಮೀ. ಅಂದರೆ ದಿನಕ್ಕೆ 95 ಲೀಟರು ಸೋರಿಕೆ. ನೀರು ಬಿಡುವ ತೂತಿನ ಗ್ಯಾಸ್ಕೆಟ್ಟು ಒಂದು ಕಡೆ ಮಡಚಿಕೊಂಡಿತ್ತು. ಕೆಳಗಿನ ಕಡೆ ಇದ್ದಿದ್ದರಿಂದ ಅರ್ಧ ಗಂಟೆಯಲ್ಲಿ ಸರಿಹೋಯಿತು.

ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 7.2ರಿಂದ 7.6, ಕ್ರಿಮಿ ಕೊಲ್ಲುವ ಕ್ಲೋರಿನ್ 1ರಿಂದ 3 ಪಿಪಿಎಂ (ಲೀಟರಿಗೆ 1ರಿಂದ 3 ಮಿ.ಗ್ರಾಂ.) ಒಳಗೆ ಇಟ್ಟುಕೊಂಡಿದ್ದೇವೆ.

ದಿನ 41–47: ಬೇಲಿ

ಇದನ್ನು ನೀರು ತುಂಬುವ ಮುಂಚೆಯೇ ಮಾಡಬೇಕಿತ್ತು. ಕೆಳಗಿನ ಕಡೆಯಿಂದ ನೋಡಿದರೆ 122 ಸೆಂ.ಮೀ. ಗೋಡೆ, ಏಣಿ ತೆಗೆದಿಟ್ಟರೆ ಮಕ್ಕಳು ಹತ್ತಲಾರರು ಅಂತ ಧೈರ್ಯವಾಗಿದ್ದೆವು. ಮೇಲಿನ ಕಡೆಯ 42 ಸೆಂ.ಮೀ. ಯಾರ ತಲೆಗೂ ಬರಲಿಲ್ಲ. 41ನೇ ದಿನ ಸಂಜೆ ತಮ್ಮನ ನಾಲ್ಕು ವರ್ಷದ ಮಗಳು ಜಲ್ಲಿಯ ಮೇಲೆ ನಡೆದು ಬಂದು, ಕೊಳದ ಅಂಚಿಗೆ ಎರಡೂ ಕೈ ಊರಿ, ನೀರಿನೊಳಗೆ ಇಣುಕುತ್ತಿದ್ದಳು. ಅಂಚು ಅವಳ ಸೊಂಟದವರೆಗೂ ಇರಲಿಲ್ಲ. ತಮ್ಮ ಓಡಿಹೋಗಿ ಎತ್ತಿಕೊಂಡ. ಆ ರಾತ್ರಿ ನಾವಿಬ್ಬರೂ ಜಾಸ್ತಿ ಮಾತಾಡಲಿಲ್ಲ.

ಮರುದಿನವೇ ಬೇರೆ ಕೆಲಸ ಎಲ್ಲ ಬಿಟ್ಟು ಬೇಲಿ ಶುರು ಮಾಡಿದೆವು. ಸುತ್ತಲೂ 1.2 ಮೀಟರು ಎತ್ತರ, ಸರಳಿನ ನಡುವೆ 10 ಸೆಂ.ಮೀ.ಗಿಂತ ಕಡಿಮೆ ಸಂದು, ತಾನೇ ಮುಚ್ಚಿಕೊಳ್ಳುವ ಗೇಟು, ಚಿಲಕ ಮೇಲ್ಗಡೆ. ಇಳಿಜಾರಿನಲ್ಲಿ ಬೇಲಿಯ ಎತ್ತರವನ್ನು ಮಗು ನಿಲ್ಲುವ ಕಡೆಯಿಂದ ಅಳೆಯಬೇಕು, ಅಂದರೆ ಮೇಲಿನ ನೆಲದಿಂದ. ಬೇಲಿ ಮುಗಿಯುವವರೆಗೆ ಹಗಲು ಹೊತ್ತು ಯಾರಾದರೂ ಒಬ್ಬರು ಅಲ್ಲೇ ಕೂತಿರುತ್ತಿದ್ದೆವು.

ಖರ್ಚು ಎಲ್ಲಿ ಹೋಯಿತು

ಒಟ್ಟು ಖರ್ಚನ್ನು 100 ಅಂದುಕೊಂಡರೆ: ಕಿಟ್, ಪಂಪು, ಫಿಲ್ಟರ್ ಸೇರಿ 39. ತಡೆಗೋಡೆ 25. ಅಗೆತ, ಮಣ್ಣು ಸಾಗಣೆ 14. ಜಲ್ಲಿ, ಮರಳು, ಪೈಪ್, ಬಟ್ಟೆ 9. ಬೇಲಿ 8. ಕರೆಂಟು 5. ನಾನು ಶುರುವಿನಲ್ಲಿ ಕಿಟ್ಟೇ ಮುಕ್ಕಾಲು ಪಾಲು ಅಂದುಕೊಂಡಿದ್ದೆ. ಎರಡನೇ ಸಲ ಬಂದ ಜೆಸಿಬಿ, ಹಾಳಾದ ಮರಳು, ಎರಡು ಸಲ ಎತ್ತಿದ ಜಲ್ಲಿ, ಇವು ನಮ್ಮ ತಪ್ಪಿಗೆ ಹೋದ ಹಣ. ಸುಮಾರು 6 ಭಾಗ.

ಮೊದಲ ಜೋರು ಮಳೆ

ಕಳೆದ ವಾರ ರಾತ್ರಿ ಎರಡು ಗಂಟೆ ಬಿಡದೆ ಸುರಿಯಿತು. ಟಾರ್ಚ್ ಹಿಡಿದು ಇಬ್ಬರೂ ಹೋದೆವು. ಮೇಲಿನ ಕಾಲುವೆ ಅರ್ಧ ತುಂಬಿ ಪಕ್ಕಕ್ಕೆ ಹರಿಯುತ್ತಿತ್ತು. ಕೆಳಗೆ ಎರಡು ಪೈಪಿನ ಬಾಯಿ. ಗೋಡೆಯ ಹಿಂದಿನ ಪೈಪಿಗೆ 10 ಲೀಟರಿನ ಬಕೆಟ್ ಹಿಡಿದೆವು, 40 ಸೆಕೆಂಡಿನಲ್ಲಿ ತುಂಬಿತು. ನೀರು ತಿಳಿಯಾಗಿತ್ತು, ಮಣ್ಣಿನ ಬಣ್ಣ ಇರಲಿಲ್ಲ. ಅಂದರೆ ಬಟ್ಟೆ ಕೆಲಸ ಮಾಡುತ್ತಿದೆ. ಕೊಳದ ಪಕ್ಕದ ಪೈಪಿನಿಂದ ಬರೀ ಹನಿ.

ಬೆಳಿಗ್ಗೆ 12 ಕಂಬಗಳ ಹತ್ತಿರವೂ ಅಂಚಿನಿಂದ ನೀರಿಗೆ ಎಷ್ಟು ಅಂತ ಅಳೆದು ಬರೆದಿಟ್ಟೆ. ಮಳೆಗೆ ಏರಿದ ನೀರನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಹನ್ನೊಂದು ಕಡೆ ಹಿಂದಿನ ಅಳತೆಯೇ. ಏಳನೇ ಕಂಬ 4 ಮಿ.ಮೀ. ಇಳಿದಿದೆ. ಹಳೆಯ ಮರದ ಬುಡ ಇದ್ದ ಜಾಗ ಅದೇ. ಪ್ರತಿ ಮಳೆಯ ಮರುದಿನ ಅಲ್ಲಿ ಅಳೆಯುತ್ತಿದ್ದೇನೆ. ಇಲ್ಲಿಯವರೆಗೆ ಮೂರು ಸಲ ಅಳೆದಾಗಿದೆ, 4ರಲ್ಲೇ ನಿಂತಿದೆ.